ಶುಕ್ರವಾರ ಹನ್ನೆರಡಕ್ಕೆ ಅಳುವವಳು

ಫೋನಿಲ್ಲದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಫೋನ್ ನಂಬರೂ ಇರಲಿಲ್ಲ ಎಂದು ಈಗಿನ ಮಕ್ಕಳು ತಿಳಿದುಕೊಂಡಿದ್ದಾರೆ. ಅದು ತಪ್ಪು. ಫೋನು ಇರಲಿಲ್ಲ, ನಂಬರ್ ಇತ್ತು. ನನ್ನ ಮದುವೆಯ ಕಾರ್ಡಿನ ಕೆಳಗಿನ ಮೂಲೆಯಲ್ಲಿ ಐದಂಕಿಯ ಒಂದು ನಂಬರ್ ಅಚ್ಚಾಗಿದೆ, ಅದರ ಮುಂದೆ ಪಿ.ಪಿ. ಎಂದು ಎರಡಕ್ಷರ ಇದೆ. ಪಿ.ಪಿ. ಎಂದರೆ ಫೋನು ಪಕ್ಕದ ಮನೆಯವರದು, ಕರೆ ನಮ್ಮದು. ನೀವು ಫೋನು ಮಾಡಿದರೆ ಅವರು ಎತ್ತುತ್ತಾರೆ, "ಇಡಬ್ಯಾಡ್ರಿ, ಕರೀತೇನಿ" ಅನ್ನುತ್ತಾರೆ, ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಗೋಡೆಯಾಚೆ ಕೂಗುತ್ತಾರೆ, ನಾವು ಕೈ ಒರೆಸಿಕೊಂಡು ಓಡುತ್ತೇವೆ. ಬೀದರದಲ್ಲಿ ನಾವಿದ್ದ ಚರ್ಚಿನ ಕಂಪೌಂಡಿನ ಅಷ್ಟೂ ಮನೆಗಳಿಗೆ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಫೋನೇ ಪಿ.ಪಿ. ಯಾರಿಗೆ ಗಂಡು ಗೊತ್ತಾಯಿತು, ಯಾರಿಗೆ ಹೆರಿಗೆಯಾಯಿತು, ಯಾರ ವರ್ಗ ರದ್ದಾಯಿತು ಎಂಬುದೆಲ್ಲ ಸಂಬಂಧಪಟ್ಟವರಿಗಿಂತ ಮೊದಲು ಮಾಸ್ತರರ ಹೆಂಡತಿಗೆ ತಿಳಿಯುತ್ತಿತ್ತು. ಅದಕ್ಕೆ ಯಾರೂ ಬೇಸರ ಮಾಡಿಕೊಂಡದ್ದು ನಾನು ಕಾಣೆ. ಇದೆಲ್ಲ ಗೊತ್ತಿದ್ದೂ, ಇದರಲ್ಲೇ ಬೆಳೆದೂ, ನಾನು ಒಂದು ದಿನ ಆ ಎರಡಕ್ಷರವನ್ನು ಕಸದ ಹಾಗೆ ತೆಗೆದು ಬಿಸಾಕಿದೆ. ಅದರಿಂದ ಔರಾದಿನಲ್ಲಿ ಒಂದು ಸಂಸಾರ ಮುರಿಯುವುದರಲ್ಲಿತ್ತು. ಅದನ್ನು ನಿಮ್ಮ ಮುಂದೆ ಹೇಳಿಕೊಂಡು ಹಗುರಾಗೋಣ ಎಂದು ಕೂತಿದ್ದೇನೆ.

ಆಗ ನಾನು ಕುರಿಗಳಿಗೆ ಲಸಿಕೆ, ಜಂತಿನ ಔಷಧ ಒದಗಿಸುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಮುಖ್ಯ ಕಚೇರಿ ಬೀದರದಲ್ಲಿ, ಒಂದು ಕೇಂದ್ರ ಭಾಲ್ಕಿಯಲ್ಲಿ, ಇನ್ನೊಂದು ಔರಾದಿನಲ್ಲಿ. ಮುಂದಿನ ವಾರಕ್ಕೆ ಯಾವ ಲಸಿಕೆ ಎಷ್ಟು ಬೇಕೆಂಬ ಪಟ್ಟಿಯನ್ನು ಎರಡೂ ಕೇಂದ್ರದವರು ಶುಕ್ರವಾರ ಕಳಿಸಬೇಕು. ಶನಿವಾರ ಬೆಳಗಿನ ಬಸ್ಸಿಗೆ ನಾವು ಐಸಿನ ಡಬ್ಬಿಯಲ್ಲಿಟ್ಟು ಲಸಿಕೆ ಕಳಿಸುತ್ತಿದ್ದೆವು. ಪಟ್ಟಿ ಬಸ್ ಕಂಡಕ್ಟರನ ಜೇಬಿನಲ್ಲಿ ಮಡಚಿಕೊಂಡು ಬರುತ್ತಿತ್ತು. ಒಮ್ಮೊಮ್ಮೆ ಎಲೆ ಅಡಿಕೆಯ ಕೆಂಪು ಹತ್ತಿರುತ್ತಿತ್ತು ಎನ್ನುವುದನ್ನು ಬಿಟ್ಟರೆ ಅದರಿಂದ ಒಂದು ಕುರಿಗೂ ತೊಂದರೆಯಾದದ್ದಿಲ್ಲ. ಆದರೆ ನಮ್ಮ ಕಾರ್ಯದರ್ಶಿಗಳು ಬೆಂಗಳೂರಿಗೆ ಒಂದು ಸಭೆಗೆ ಹೋಗಿ ಬಂದರು. ಸಭೆಗೆ ಹೋಗಿ ಬಂದವರು ಸುಮ್ಮನೆ ಕೂರುವುದಿಲ್ಲ. ಮೂರು ತಿಂಗಳಲ್ಲಿ ನಮ್ಮ ಕಚೇರಿಗೆ ಒಂದು ಸರ್ವರ್, ಎರಡು ಕೇಂದ್ರಗಳಿಗೆ ಒಂದೊಂದು ಕಂಪ್ಯೂಟರ್, ಅವನ್ನು ಫೋನ್ ಲೈನಿನಲ್ಲಿ ಮಾತಾಡಿಸುವ ಮೂರು ಮೋಡೆಮ್‌ಗಳು ಬಂದವು. ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟು ಇದ್ದವನು ಇಡೀ ಸಂಸ್ಥೆಯಲ್ಲಿ ನಾನೊಬ್ಬನೇ. ಸರ್ವರಿನ ಕೋಣೆಗೆ ಪರದೆ ಕಟ್ಟಿಸಿ, ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಬರೆಸಿದೆ. ಕಚೇರಿ ಗುಡಿಸುವ ಇಮಾಂಬಿ ಮಾತ್ರ ಆ ಬೋರ್ಡನ್ನು ಓದಿಲ್ಲವೆಂದು ಹೇಳಿ ಚಪ್ಪಲಿ ಹಾಕಿಕೊಂಡೇ ಬರುತ್ತಿದ್ದಳು.

ಕೇಂದ್ರದವರು ಫೋನಿನ ಮೂಲಕ ಸರ್ವರಿಗೆ ಬಂದು ಪಟ್ಟಿ ಹಾಕಿ ಹೋಗುವುದು ಎಂದಾಗ ಕಾರ್ಯದರ್ಶಿಗಳಿಗೆ ಒಂದು ಭಯ ಹುಟ್ಟಿತು. ಫೋನಿನ ನಂಬರ್ ಗೊತ್ತಿದ್ದವರು ಯಾರು ಬೇಕಾದರೂ ಒಳಗೆ ಬರಬಹುದಲ್ಲ? ಬಂದು ಏನು ಕದಿಯುತ್ತಾರೆ, ಜಂತಿನ ಔಷಧದ ಲೆಕ್ಕವನ್ನೇ ಎಂದು ನಾನು ಕೇಳಲಿಲ್ಲ. ದಪ್ಪ ಪುಸ್ತಕ ತೆರೆದು ಅದರಲ್ಲಿದ್ದ ಕಾಲ್‌ಬ್ಯಾಕ್ ಎಂಬ ಉಪಾಯ ತೋರಿಸಿದೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಏಳುವಾಗ "ಹೇಳಿ ಕಳಸ್ತೇವ್ರಿ" ಎನ್ನುತ್ತಾರೆಯೇ ಹೊರತು ಕೂತಲ್ಲೇ ಉತ್ತರ ಕೊಡುವುದಿಲ್ಲ. ಕಾಲ್‌ಬ್ಯಾಕೂ ಹಾಗೆಯೇ. ಔರಾದಿನ ಕಂಪ್ಯೂಟರ್ ಫೋನು ಮಾಡಿ ಹೆಸರು ಹೇಳುತ್ತದೆ. ನಮ್ಮ ಸರ್ವರ್ ಕೇಳಿಸಿಕೊಂಡು, ಸರಿ ಎಂದು ಫೋನು ಇಟ್ಟುಬಿಡುತ್ತದೆ. ಆಮೇಲೆ ತನ್ನಲ್ಲಿ ಮೊದಲೇ ಬರೆದಿಟ್ಟ ಔರಾದಿನ ನಂಬರಿಗೆ ತಾನೇ ತಿರುಗಿ ಫೋನು ಮಾಡುತ್ತದೆ. ಆ ನಂಬರಿನಲ್ಲಿ ಔರಾದಿನ ಕಂಪ್ಯೂಟರೇ ಸಿಕ್ಕರೆ ಮಾತುಕತೆ ಮುಂದುವರಿಯುತ್ತದೆ.

"ಅಂದ್ರ ಬಾಗಲಾ ಬಡದವರಿಗಿ ಬಾಗಲಾ ತಗ್ಯಂಗಿಲ್ಲ" ಎಂದರು ಕಾರ್ಯದರ್ಶಿಗಳು. "ಅವರ ಮನಿಗಿ ನಾವೇ ಹೋಗಿ, ನೀವೇ ಬಂದಿದ್ರೇನು ಅಂತ ಕೇಳಿ, ಕರಕೊಂಡು ಬರೋದು. ಹೌದಿಲ್ಲೋ?"

"ಹೌದ್ರಿ ಸರ್."

"ಭಾಳ ಚಲೋ ಅದ. ಮಾಡ್ರಿ."

ನಾನು ಎರಡೂ ಕೇಂದ್ರಗಳಿಗೆ ಒಂದು ಸುತ್ತೋಲೆ, ಒಂದು ಫಾರ್ಮು ಕಳಿಸಿದೆ. ಸುತ್ತೋಲೆ ಬರೆಯುವುದರಲ್ಲಿ ನನಗೆ ಮೊದಲಿನಿಂದಲೂ ಒಂದು ಚಟ. ಅದರಲ್ಲಿ ಒಂಬತ್ತು ನಿಯಮಗಳಿದ್ದವು. ಕೇಂದ್ರಕ್ಕೆ ಹೊಸದಾಗಿ ಕೊಟ್ಟ ಫೋನ್ ಲೈನು ಕಂಪ್ಯೂಟರಿಗೆ ಮಾತ್ರ ಮೀಸಲು, ಅದರ ನಂಬರನ್ನು ಯಾರಿಗೂ ಕೊಡಕೂಡದು ಎನ್ನುವುದು ಎರಡನೆಯದು. ಡಯಲ್ ಮಾಡಿದ ಮೇಲೆ ಸಂಪರ್ಕ ಸಿಗುವವರೆಗೆ ಯಾವ ಕಾರಣಕ್ಕೂ ಕುರ್ಚಿಯಿಂದ ಏಳಕೂಡದು ಎನ್ನುವುದು ಏಳನೆಯದು. ಫಾರ್ಮಿನಲ್ಲಿ ಮಾತ್ರ ಒಂದೇ ಪ್ರಶ್ನೆ: ನಿಮಗೆ ತಿರುಗಿ ಕರೆ ಮಾಡಬೇಕಾದ ನಂಬರ್ ಯಾವುದು? ಭಾಲ್ಕಿಯ ಶರಣಮ್ಮನವರು ಜಾಣೆ, ಎರಡನೆಯ ನಿಯಮ ಓದಿರಲಿಲ್ಲ. ಕೇಂದ್ರದ ಹೊಸ ಲೈನಿನ ನಂಬರನ್ನೇ ಬರೆದು ಕಳಿಸಿದರು. ಔರಾದಿನ ಮಾಣಿಕಪ್ಪನವರು ವಿಧೇಯರು, ಒಂಬತ್ತೂ ನಿಯಮಗಳನ್ನು ಓದಿ ಗೋಡೆಗೆ ಅಂಟಿಸಿದವರು. ಹೊಸ ಲೈನಿನ ನಂಬರನ್ನು ಯಾರಿಗೂ ಕೊಡಬೇಡಿ ಎಂದ ಮೇಲೆ ಅದನ್ನು ಫಾರ್ಮಿನಲ್ಲಿ ಬರೆಯುವುದು ಹೇಗೆ? ಹದಿನೈದು ವರ್ಷದಿಂದ ತಮಗೆ ಬರುವ ಕರೆಗಳೆಲ್ಲ ಎಲ್ಲಿಗೆ ಬರುತ್ತಿದ್ದವೋ ಆ ನಂಬರನ್ನು, ಅಂದರೆ ಕೇಂದ್ರದ ಎದುರು ಮನೆಯ ಕಾಶೀಬಾಯಿಯವರ ನಂಬರನ್ನು, ದುಂಡಗೆ ಬರೆದು ಮುಂದೆ ಪಿ.ಪಿ. ಎಂದು ಸೇರಿಸಿದರು. ನಾನು ಅದನ್ನು ಸರ್ವರಿನಲ್ಲಿ ಹಾಗೆಯೇ ಹೊಡೆದೆ. ಸರ್ವರ್ ಕಿರುಗುಟ್ಟಿ, ಈ ಜಾಗದಲ್ಲಿ ಅಂಕಿಗಳು ಮಾತ್ರ ಎಂದಿತು. ನಾನು ಅಕ್ಷರ ಅಳಿಸಿ ಅಂಕಿ ಉಳಿಸಿದೆ, ಫಾರ್ಮಿನ ಮೇಲೆ 'ಪರಿಶೀಲಿಸಲಾಗಿದೆ' ಎಂದು ಬರೆದು ಸಹಿ ಹಾಕಿ ಚಹಾಕ್ಕೆ ಹೋದೆ.

ಭಾಲ್ಕಿಯಲ್ಲಿ ಮೊದಲ ದಿನ ಒಂದು ಸಣ್ಣ ವಿಘ್ನ ಬಂತು. ಸರ್ವರ್ ತಿರುಗಿ ಫೋನು ಮಾಡಿದಾಗ ಮೋಡೆಮ್ ಎತ್ತುವ ಮೊದಲೇ ಶರಣಮ್ಮನವರು ರಿಸೀವರ್ ಎತ್ತಿ ಅಲೋ ಎಂದುಬಿಟ್ಟರು. ಎತ್ತಬೇಡಿ ಎಂದರೆ, "ಫೋನ್ ಬಡಕೊಳ್ಲತ್ತದ, ನಾ ಮುಂದ ಕುಂತೇನಿ, ಎತ್ತಬ್ಯಾಡಂತೀರಿ. ಕರದವರಿಗಿ ಏನನಸ್ತದ್ರಿ?" ಎಂದು ನನ್ನನ್ನೇ ಕೇಳಿದರು. ಎರಡನೆಯ ವಾರ ಫೋನಿನ ಮೇಲೆ ರೊಟ್ಟಿ ಬುಟ್ಟಿ ಕವಿಚಿಟ್ಟು ಮನಸ್ಸು ಗಟ್ಟಿ ಮಾಡಿಕೊಂಡು ಕೂತರು. ಪಟ್ಟಿ ಕುಂಯ್ಯೆಂದು ಬಂದು ಸರ್ವರಿನಲ್ಲಿ ಇಳಿಯಿತು. ಕಾರ್ಯದರ್ಶಿಗಳು ಬಂದು ನೋಡಿದರು, ಸಂತೋಷಪಟ್ಟರು, ಆ ಮೋಡೆಮಿನ ಕಿರುಚಾಟಕ್ಕೆ ತಲೆನೋವು ಬಂತೆಂದರು. ನಾನು ಮೋಡೆಮಿನ ದನಿಯನ್ನು ಪೂರ್ತಿ ಇಳಿಸಿಬಿಟ್ಟೆ. ಅಲ್ಲಿಗೆ ನನಗೆ ನಿಜ ತಿಳಿಯುವ ಒಂದೇ ಕಿಟಕಿಯನ್ನೂ ನಾನೇ ಮುಚ್ಚಿದಂತಾಯಿತು.

ಔರಾದಿನದು ಮಾತ್ರ ಹೊಂದಲಿಲ್ಲ. ಸರ್ವರಿನ ದಾಖಲೆ ನೋಡಿದರೆ: ಔರಾದಿನಿಂದ ಕರೆ ಬಂತು, ತಿರುಗಿ ಕರೆ ಮಾಡಲಾಯಿತು, ಆ ಕಡೆ ಫೋನು ಎತ್ತಿದರು, ಆದರೆ ಮೋಡೆಮ್ ಮಾತಾಡಲಿಲ್ಲ. ಮಾಣಿಕಪ್ಪನವರೂ ಭಾಲ್ಕಿಯ ಚಾಳಿ ಹಿಡಿದಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಮುಖ್ಯ ಕಚೇರಿಯಿಂದ ಕೇಂದ್ರಕ್ಕೆ ಫೋನು ಮಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಕೇಂದ್ರದವರೇ ಮಾಡಿ ಬೈಸಿಕೊಳ್ಳಬೇಕು. ಅವರು ಮಾಡಿದರು.

"ಫೋನ್ ಬಡಿಯಂಗೇ ಇಲ್ರಿ ಸಾಹೇಬ್ರ. ಮುಂದೇ ಕುಂತೇನಿ."

"ಬಡಿತದ. ನೀವು ಎತ್ತಲತ್ತೀರಿ. ಇಲ್ಲಿ ನನಗ ಎಲ್ಲಾ ಕಾಣಸ್ತದ."

"ದೇವರಾಣಿ ಎತ್ತಿಲ್ರಿ. ಕೈ ಸುದ್ದಾ ಕಟ್ಟಿಕೊಂಡೇ ಕುಂತೇನಿ."

"ಹಂಗಾದ್ರ ಮತ್ತ ಮಾಡ್ರಿ. ಕುರ್ಚಿ ಬಿಟ್ಟು ಏಳಬ್ಯಾಡ್ರಿ."

ಆ ದಿನ ಹನ್ನೆರಡು ಸಲ ಮಾಡಿಸಿದೆ. ಮುಂದಿನ ಮೂರು ಶುಕ್ರವಾರವೂ ಅದೇ ಕಥೆ. ಲೈನು ಸರಿಯಿಲ್ಲ, ಔರಾದಿನ ಗಾಳಿ ಸರಿಯಿಲ್ಲ, ಮಾಣಿಕಪ್ಪನವರ ಕೈಗುಣ ಸರಿಯಿಲ್ಲ ಎಂದು ಕಾರ್ಯದರ್ಶಿಗಳಿಗೆ ವರದಿ ಕೊಟ್ಟೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಪಟ್ಟಿ ಎಂದಿನಂತೆ ಕಂಡಕ್ಟರನ ಜೇಬಿನಲ್ಲಿ ಬರುತ್ತಲೇ ಇತ್ತು.

ಅತ್ತ ಔರಾದಿನಲ್ಲಿ ಆಗುತ್ತಿದ್ದದ್ದು ನನಗೆ ಆಮೇಲೆ ತಿಳಿಯಿತು. ಕಾಶೀಬಾಯಿಯವರ ಫೋನು ಬೀದಿಯ ಕಡೆಯ ಕಿಟಕಿಯಲ್ಲಿ ಇರುತ್ತದೆ. ಶುಕ್ರವಾರ ಹನ್ನೆರಡಕ್ಕೆ ಅದು ಬಡಿದುಕೊಂಡಿತು. ಎತ್ತಿದರೆ ಆ ಕಡೆ ಯಾರೂ ಮಾತಾಡಲೊಲ್ಲರು. ಫೋನು ಮಾಡಿದ ಮೋಡೆಮ್, ಆ ಕಡೆಯ ಮೋಡೆಮ್ ಉತ್ತರ ಕೊಡುವವರೆಗೆ ಒಂದು ಸಲ ಕೂಂ ಎಂದು ಎರಡು ಕ್ಷಣ ಸುಮ್ಮನಿರುತ್ತದೆ, ಮತ್ತೆ ಕೂಂ ಎನ್ನುತ್ತದೆ. ಅದು ಅದರ ಧರ್ಮ. ಕೇಳುವವರಿಗೆ ಯಾರೋ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಬಿಕ್ಕುತ್ತಿರುವ ಹಾಗೆ ಇರುತ್ತದೆ. ಕಾಶೀಬಾಯಿಯವರು ದೊಡ್ಡ ಮನಸ್ಸಿನವರು. "ಅಳಬ್ಯಾಡವ್ವಾ, ಏನಾತು ಹೇಳು. ಯಾರು ಬೇಕಾಗ್ಯಾರ?" ಎಂದು ಕೇಳಿದರು. ಕೂಂ ಎಂದಿತು. ಹದಿನೈದು ವರ್ಷದ ಅಭ್ಯಾಸ, ಕಿಟಕಿಯಿಂದಲೇ ಎದುರಿನ ಕೇಂದ್ರಕ್ಕೆ ಕೂಗಿದರು.

"ಮಾಣಿಕಪ್ಪಾ, ನಿನಗ ಫೋನ್ ಬಂದದ. ಯಾರೋ ಹೆಣಮಗಳು, ಅಳಲತ್ತಾಳ."

ಮಾಣಿಕಪ್ಪನವರು ಏಳನೆಯ ನಿಯಮಕ್ಕೆ ಕಟ್ಟುಬಿದ್ದು ಕೂತಿದ್ದರು. ಅಲ್ಲಿಂದಲೇ ಹೇಳಿದರು, "ಆಮ್ಯಾಲ ಬರ್ತೇನಂತ ಹೇಳ್ರಿ ಕಾಕು. ಈಗ ಏಳ್ಲಾಕ ಬರಂಗಿಲ್ಲ."

ಇಡೀ ಬೀದಿ ಇದನ್ನು ಕೇಳಿಸಿಕೊಂಡಿತು. ಪಂಕ್ಚರ್ ಅಂಗಡಿಯವನು ಕೇಳಿಸಿಕೊಂಡ, ಹಿಟ್ಟಿನ ಗಿರಣಿಗೆ ಬಂದವರು ಕೇಳಿಸಿಕೊಂಡರು. ಒಬ್ಬ ಹೆಣ್ಣುಮಗಳು ಹನ್ನೆರಡು ಸಲ ಫೋನು ಮಾಡಿ ಅಳುತ್ತಾಳೆ, ಈ ಮನುಷ್ಯ ಹನ್ನೆರಡು ಸಲವೂ ಕುರ್ಚಿ ಬಿಟ್ಟು ಏಳುವುದಿಲ್ಲ, ಅದರ ಮೇಲೆ ಕೈ ಕಟ್ಟಿಕೊಂಡು ಕೂತಿರುತ್ತಾನೆ. ಹೀಗೂ ಕಲ್ಲು ಮನಸ್ಸು ಇರುತ್ತದೆಯೇ ಎಂದು ಗಿರಣಿಯಲ್ಲಿ ಮಾತಾಯಿತು. ಪಾಪ, ಮಾಣಿಕಪ್ಪನವರಿಗೆ ಮೊದಲು ಹೊಳೆದದ್ದು ಭಾತಂಬ್ರಾಕ್ಕೆ ಕೊಟ್ಟ ತಂಗಿ. ಅವಳಿಗೇ ಏನೋ ಕಷ್ಟ ಬಂದಿದೆ ಎಂದು ಭಾನುವಾರ ಎರಡು ಬಸ್ಸು ಬದಲಿಸಿ ಹೋದರು. ತಂಗಿ ಚೆನ್ನಾಗಿಯೇ ಇದ್ದಳು, ಹೋಳಿಗೆ ಮಾಡಿದಳು. ಊಟದ ನಡುವೆ ಇವರು, "ನಿನಗ ಇಲ್ಲಿ ಯಾರರೆ ಕಾಡಲತ್ತಾರೇನು, ಖರೆ ಹೇಳು" ಎಂದು ಕೇಳಿದರು. ಎದುರಿಗೆ ಕೂತಿದ್ದ ಬೀಗರು ಎಲೆ ಬಿಟ್ಟು ಎದ್ದರು. ತಂಗಿಯ ಮನೆಯಲ್ಲಿ ಅಲ್ಲಿಯವರೆಗೆ ಇಲ್ಲದಿದ್ದ ಕಷ್ಟ ಅಂದಿನಿಂದ ಸ್ವಲ್ಪ ದಿನ ಇತ್ತಂತೆ.

ತಂಗಿ ಅಲ್ಲವೆಂದಾದ ಮೇಲೆ ಉಳಿದದ್ದು ಬೀದಿಯವರ ಊಹೆಯೊಂದೇ. ಮಾಣಿಕಪ್ಪನವರ ಹೆಂಡತಿ ಚಂದ್ರಕಲಾ ಕೂಗಾಡಲಿಲ್ಲ, ಅತ್ತೂ ಮಾಡಲಿಲ್ಲ. ಗಂಡ ತಿಂಗಳಿಗೊಮ್ಮೆ ಮೀಟಿಂಗ್ ಅಂತ ಬೀದರಕ್ಕೆ ಹೋಗುತ್ತಾನೆ. ಶುಕ್ರವಾರ ಬೀದರದ ಕೆಲಸ ಅಂತ ಕುರ್ಚಿಯಲ್ಲೇ ಕೂತಿರುತ್ತಾನೆ, ಆ ಹೊತ್ತಿಗೇ ಅವಳು ಅಳುತ್ತಾಳೆ. ಇಷ್ಟನ್ನು ಕೂಡಿಸಿ ನೋಡಿ, ಅವಳು ಬೀದರದ ಕಚೇರಿಯವಳೇ ಎಂದು ತೀರ್ಮಾನಿಸಿ, ಆಕೆ ಒಂದು ಚೀಲಕ್ಕೆ ನಾಲ್ಕು ಸೀರೆ ತುಂಬಿದರು. ತವರುಮನೆ ಜನವಾಡ, ಬೀದರಕ್ಕೆ ಬರುವ ದಾರಿಯಲ್ಲೇ ಇದೆ. ಹೊರಟವರನ್ನು ತಡೆದವರು ಕಾಶೀಬಾಯಿ. ಮೊದಲು ಬೀದರಕ್ಕೆ ಹೋಗಿ ಅವಳನ್ನು ಕಣ್ಣಾರೆ ನೋಡೋಣ, ತಿರುಗಿ ಬರುವಾಗ ನೀನು ಜನವಾಡದಲ್ಲಿ ಇಳಿಯಬೇಕಾದರೆ ಇಳಿ, ನಾನು ಬೇಡ ಅನ್ನುವುದಿಲ್ಲ ಎಂದರು. ಐದನೆಯ ಶುಕ್ರವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟರು.

ಹನ್ನೊಂದೂವರೆಗೆ ಅವರು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತಾಗ ನಾನು ಹತ್ತನೆಯ ನಿಯಮ ಬರೆಯುತ್ತಿದ್ದೆ. ಕಾಶೀಬಾಯಿ ಯಾವ ಪೀಠಿಕೆಯನ್ನೂ ಹಾಕಲಿಲ್ಲ. "ಇಲ್ಲಿ ಅಳೋ ಹೆಣಮಗಳು ಯಾರಿದ್ದಾರ್ರಿ?" ಎಂದು ಕೇಳಿದರು. ನಮ್ಮ ಕಚೇರಿಯಲ್ಲಿ ಇದ್ದ ಹೆಣ್ಣೆಂದರೆ ಅರವತ್ತು ದಾಟಿದ ಇಮಾಂಬಿಯೊಬ್ಬಳೇ. ಇಬ್ಬರೂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಮಾಂಬಿ ಪೊರಕೆಯನ್ನು ಕಂಕುಳಲ್ಲಿಟ್ಟುಕೊಂಡು, "ಮೈ ಕಾಯ್ಕು ರೋನಾ ಮಾ? ರೋನಾ ತೋ ಇನೋ" ಎಂದು ನನ್ನ ಕಡೆ ಕೈ ತೋರಿಸಿದಳು. ತಾನು ಯಾಕೆ ಅಳಬೇಕು, ಅಳುವುದಾದರೆ ಈ ಸಾಹೇಬರು ಅಳಬೇಕು ಎಂದು ಅರ್ಥ. ಆಗ ಅದು ತಮಾಷೆಯಾಗಿ ಕಂಡಿತ್ತು.

ನಾನು ಕುರ್ಚಿ ಕೊಟ್ಟೆ, ಚಹಾ ತರಿಸಿದೆ. ಕಾಶೀಬಾಯಿ ಎಲ್ಲವನ್ನೂ ಹೇಳಿದರು. ಬಿಕ್ಕುವುದು ಹೇಗಿರುತ್ತದೆ ಎಂದು ಕೇಳಿದಾಗ, ಕಣ್ಣು ಮುಚ್ಚಿ, ಕೂಂ ಎಂದು ಎರಡು ಕ್ಷಣ ನಿಂತು ಮತ್ತೆ ಕೂಂ ಎಂದರು. ನಾನು ಚಹಾದ ಕಪ್ಪು ಕೆಳಗಿಟ್ಟೆ, ಆ ಕೂಗು ನನಗೆ ಗೊತ್ತಿತ್ತು. ಗಡಿಯಾರದಲ್ಲಿ ಹನ್ನೆರಡಕ್ಕೆ ಎರಡು ನಿಮಿಷ. ಇಬ್ಬರನ್ನೂ ಸರ್ವರಿನ ಕೋಣೆಗೆ ಕರೆದುಕೊಂಡು ಹೋಗಿ ಮೋಡೆಮಿನ ದನಿ ಪೂರ್ತಿ ಏರಿಸಿದೆ. ಹನ್ನೆರಡಕ್ಕೆ ಸರಿಯಾಗಿ ಔರಾದಿನಿಂದ ಕರೆ ಬಂತು, ಸರ್ವರ್ ಇಟ್ಟುಬಿಟ್ಟಿತು, ತಾನೇ ಟಿಕ್ ಟಿಕ್ ಎಂದು ನಂಬರ್ ಒತ್ತಿತು. ಆ ಕಡೆ ಗಂಟೆ ಎರಡು ಸಲ ಬಾರಿಸಿತು. ಮೋಡೆಮಿನೊಳಗಿಂದ ಒಂದು ಹೆಣ್ಣುದನಿ ಕೇಳಿತು.

"ಅಲೋ, ಯಾರ್ರಿ?"

ಕಾಶೀಬಾಯಿ ಎದ್ದು ನಿಂತರು. "ಇದು ನಮ್ಮ ಸೊಸಿ ದನಿ" ಎಂದರು.

ಮೋಡೆಮ್ ಕೂಂ ಎಂದಿತು. ಸೊಸೆ ಕಿಟಕಿಯಿಂದ ಕೂಗಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು, "ಮಾಣಿಕಪ್ಪಣ್ಣಾ, ಅಕಿ ಮತ್ತ ಅಳಲತ್ತಾಳ." ಸ್ವಲ್ಪ ಹೊತ್ತಿನ ಮೇಲೆ ಸೊಸೆ ನಮ್ಮ ಸರ್ವರಿಗೆ, "ಏಳ್ಲಾಕ ಬರಂಗಿಲ್ಲಂತ್ರಿ. ನೀವು ನೀರು ಕುಡದು ಮಕ್ಕೋರಿ" ಎಂದು ಹೇಳಿ ಫೋನು ಇಟ್ಟಳು.

ಕಾಶೀಬಾಯಿ ಮೋಡೆಮಿನ ತಲೆಯ ಮೇಲೆ ಕೈಯಿಟ್ಟು ನೋಡಿದರು. ಅದು ಬೆಚ್ಚಗಿತ್ತು. "ಇಕಿನೇ" ಎಂದರು. ಚಂದ್ರಕಲಾ ಬಗ್ಗಿ ಆ ಪುಟ್ಟ ಡಬ್ಬಿಯನ್ನು ಸುತ್ತಲೂ ನೋಡಿದರು. ಆಮೇಲೆ, "ಇದಕ್ಕ ಕಾಕು ಮನಿ ನಂಬರ್ ಯಾರು ಕೊಟ್ರಿ?" ಎಂದು ಕೇಳಿದರು. ನಾನು ಭಾರಿ ಹುರುಪಿನಿಂದ ಕಡತ ತೆಗೆದೆ. ಮಾಣಿಕಪ್ಪನವರ ಫಾರ್ಮು ಸಿಕ್ಕಿತು. ನಂಬರ್ ಇತ್ತು, ಮುಂದೆ ದುಂಡಗೆ ಪಿ.ಪಿ. ಇತ್ತು, ಅದರ ಕೆಳಗೆ ಪರಿಶೀಲಿಸಲಾಗಿದೆ ಎಂಬ ನನ್ನ ಸಹಿ ಇತ್ತು. ಚಂದ್ರಕಲಾ ಅದನ್ನು ಓದಿ, "ಇಷ್ಟು ಚಂದ ಬರದಾರ. ನೀವು ಓದಲಿಲ್ಲೇನ್ರಿ?" ಎಂದರು. ಸರ್ವರ್ ಅಂಕಿ ಮಾತ್ರ ತೆಗೆದುಕೊಳ್ಳುತ್ತದೆ ಎಂದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಕಾರ್ಯದರ್ಶಿಗಳು ಎಲ್ಲವನ್ನೂ ಕೇಳಿ, ನನ್ನನ್ನು ಬೈಯಲಿಲ್ಲ. ಅವರ ಜೊತೆ ಔರಾದಿಗೆ ಹೋಗಿ ಎಲ್ಲ ಸರಿಮಾಡಿ ಬನ್ನಿ ಎಂದರು. ನಂಬರ್ ಬದಲಿಸುವುದು ಎರಡು ನಿಮಿಷದ ಕೆಲಸ, ಅದನ್ನು ಕೂತಲ್ಲೇ ಮುಗಿಸಿ ಬಸ್ ಹತ್ತಿದೆ. ಕಂಡಕ್ಟರ್ ಬಂದ. ಕಾಶೀಬಾಯಿ, ಮೂರು ಔರಾದ ಎನ್ನುವಷ್ಟರಲ್ಲಿ ಚಂದ್ರಕಲಾ, "ನನಗ ಜನವಾಡ" ಎಂದರು. ನನಗೆ ಗಾಬರಿಯಾಯಿತು.

"ಯಾಕವ್ವಾ, ನೀವೇ ಕಣ್ಣಾರೆ ನೋಡಿರಿ" ಎಂದೆ.

"ನಾ ನೋಡಿನ್ರಿ ಸಾಹೇಬ್ರ. ಊರವರು ನೋಡ್ಯಾರೇನು? ಗಿರಣಿ ಮುಂದ ಹ್ಯಾಂಗ ಹಾದು ಹೋಗಲಿ?"

"ನಾ ಹೇಳ್ತೇನಿ. ತಪ್ಪು ನಂದೇ ಅಂತ ಹೇಳ್ತೇನಿ."

"ಎಲ್ಲರ ಮುಂದ?"

"ಎಲ್ಲರ ಮುಂದ."

"ಅವರು ಏನ್ ಕೇಳಿದ್ರೂ?"

"ಏನ್ ಕೇಳಿದ್ರೂ ನಂದೇ ಅಂತೇನಿ."

ಬಸ್ಸು ಜನವಾಡದಲ್ಲಿ ನಿಂತಿತು. ಚಂದ್ರಕಲಾ ಒಮ್ಮೆ ಹೊರಗೆ ನೋಡಿದರು, ಚೀಲವನ್ನು ತೊಡೆಯ ಮೇಲಿಂದ ತೆಗೆದು ಕಾಲ ಬಳಿ ಇಟ್ಟುಕೊಂಡರು. ಕಂಡಕ್ಟರನಿಗೆ, "ಅಣ್ಣಾ, ಔರಾದದ್ದೇ ಕೊಡು" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಔರಾದಿನಲ್ಲಿ ಗಿರಣಿಯ ಮುಂದೆ ಜನ ಕೂಡಿದರು. ಮಾಣಿಕಪ್ಪನವರು ಅಂದೂ ಕುರ್ಚಿಯಿಂದ ಏಳಲಿಲ್ಲ, ನಾನೇ ಹೋಗಿ ಎಬ್ಬಿಸಿಕೊಂಡು ಬರಬೇಕಾಯಿತು. ನಾನು ಮೋಡೆಮ್ ಎಂದರೇನು, ಕಾಲ್‌ಬ್ಯಾಕ್ ಎಂದರೇನು ಎಂದು ಹತ್ತು ನಿಮಿಷ ಹೇಳಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಕೊನೆಗೆ ಕುರಿ ಕಾಯುವ ಒಬ್ಬ ಮುದುಕರು ಕೋಲಿಗೆ ಗದ್ದ ಊರಿ ಕೇಳಿದರು.

"ಎಲ್ಲಾ ಖರೆ ಅದರಿ. ಅತ್ತವರು ಯಾರು?"

"ಯಾರೂ ಅತ್ತಿಲ್ರಿ."

"ಕಾಶೀಬಾಯಿ ಕಿವಿಲೇ ಕೇಳ್ಯಾಳ."

"ಅದು ಮಶೀನ್ರಿ."

"ಮಶೀನ್ ಯಾರದು?"

"ನಮ್ಮದೇ. ಅಂದ್ರ, ನಾನೇ ನೋಡಿಕೊಳ್ಳೋದು."

"ಮತ್ತ ನೀವೇ ಅಂದಂಗಾತಲ್ಲ."

ಅಲ್ಲ ಎನ್ನಲು ಬಾಯಿ ತೆರೆದೆ. ಚಂದ್ರಕಲಾ ಕೇಂದ್ರದ ಬಾಗಿಲಲ್ಲಿ ಚೀಲ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು. "ಹೌದ್ರಿ, ನಾನೇ" ಎಂದೆ. ಕಾಶೀಬಾಯಿ ಹೊತ್ತು ಕಳೆಯದೆ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು, "ಹೆಣ್ಣೂ ಇಲ್ಲ ಗಿಣ್ಣೂ ಇಲ್ಲ. ಈ ಸಾಹೇಬ್ರೇ. ಕೆಲಸ ಕೂಡವಲ್ದಂತ ಫೋನ್ ಮಾಡಿ ಅಳ್ತಿದ್ರು. ಪಾಪ, ದನಿ ಸಣ್ಣದದ." ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಗಿರಣಿಯವನು ನನಗೆ ಚಹಾ ತರಿಸಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಸರ್ಕಾರಿ ನೌಕರಿಗೆ ಅರ್ಜಿ ಹಾಕಿ ಎಂದ. ಚಂದ್ರಕಲಾ ಚೀಲವನ್ನು ಮನೆಗೆ ತೆಗೆದುಕೊಂಡು ಹೋದರು.

ಈಗ ಆ ಮೋಡೆಮೂ ಇಲ್ಲ, ಆ ಸರ್ವರೂ ಇಲ್ಲ, ಪಟ್ಟಿ ಮೊಬೈಲಿನಲ್ಲಿ ಬರುತ್ತದೆ. ಔರಾದಿನಲ್ಲಿ ಮಾತ್ರ ನಾನು ಇಂದಿಗೂ ಅಳೋ ಸಾಹೇಬ. ಮೊನ್ನೆ ಹೆಂಡತಿಯ ಜೊತೆ ಬೀದರದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಔರಾದಿನ ಕಡೆಯ ಒಬ್ಬರು ಹತ್ತಿರ ಬಂದು, ದನಿ ತಗ್ಗಿಸಿ, "ಸಾಹೇಬ್ರ, ಈಗ ಆರಾಮ ಇದ್ದೀರಿ? ಅಳೂದು ನಿಂತದೇನ್ರಿ?" ಎಂದು ಕೇಳಿದರು. ಅಲ್ಲವೆಂದರೆ ಹಾಗಾದರೆ ಅತ್ತವಳು ಯಾರು ಎಂಬ ಪ್ರಶ್ನೆ ಮತ್ತೆ ಏಳುತ್ತದೆ. "ನಿಂತದ್ರಿ" ಎಂದೆ. ಅವರು ನನ್ನ ಬೆನ್ನು ತಟ್ಟಿ ಹೋದರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಇಂಥದನ್ನೆಲ್ಲ ಬಿಡುವವಳಲ್ಲ. "ಏನದು ಅಳೂದು? ಎಂದಿನಿಂದ ಅದ?" ಎಂದು ಅಲ್ಲೇ ವಿಚಾರಣೆ ಶುರು ಮಾಡಿದಳು. "ಅದು ಪಿ.ಪಿ. ಅಳು" ಎಂದೆ. "ಅಳು ಬ್ಯಾರೆಯವರದು, ಕರೆ ನನಗ ಬರ್ತದ."